ನಡುವೆ ಕೂರುವ ಹುಡುಗಿ

ಮುಡಬಿಯ ಅಂಗನವಾಡಿಗೆ ತಪಾಸಣೆಗೆಂದು ಬಂದಿದ್ದ ಡಾಕ್ಟರ್ ವಿಜಯಶ್ರೀ ಮೂರು ವರ್ಷದ ಸ್ನೇಹಲಳಿಗೆ, ಬಾಗಿಲತನಕ ಓಡಿಹೋಗಿ ಬಾ ಎಂದರು. ಹುಡುಗಿ ಅರ್ಧ ದಾರಿ ಓಡಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

ಅಜ್ಜಿ ದ್ರೌಪತಿಬಾಯಿ ನಕ್ಕಳು. "ಅಕಿ ದಿನಾ ಹಂಗೇ ರೀ, ಡಾಕ್ಟರಬಾಯಿ. ನಾ ತೊಗರಿ ಹೊಲದಾಗ ಕಳೆ ತೆಗಿಯಾಕ ಕುಂತಂಗೇ ಕುಂದರ್ತಾಳ. ಈಗಿಂದ್ಲೇ ಕೂಲಿಗೆ ತಯಾರಾಗ್ಯಾಳ!"

ತಾಯಿ ರೂಪಾಲಿ ಎಂದಿನಂತೆ ಮಗಳ ರಟ್ಟೆ ಹಿಡಿದು ಎಬ್ಬಿಸಲು ಹೋದಳು.

"ಎಬ್ಬಿಸಬ್ಯಾಡ್ರಿ" ಎಂದ ಡಾಕ್ಟರು ತಾವೂ ಮಗುವಿನೆದುರು ನೆಲಕ್ಕೆ ಕೂತರು. ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ, ಬೆಚ್ಚಗೆ ಮಾಡಿ, ಆಮೇಲೆ ಎದೆಗಿಟ್ಟರು. ಬಹಳ ಹೊತ್ತು ಕೇಳಿದರು.

"ತುಟಿ, ಉಗುರು ನೀಲಿ ಅವ."

"ನಮ್ಮ ಬಣ್ಣಾನೇ ಕಪ್ಪಲ್ರಿ" ಎಂದಳು ಅಜ್ಜಿ.

"ನಾಲಿಗಿನೂ ನೀಲಿ ಅದ, ಆಯಿ. ಅದು ಯಾರ ಬಣ್ಣ?"

ದ್ರೌಪತಿಬಾಯಿಯ ನಗು ನಿಂತಿತು.

"ಹುಟ್ಟಿದಾಗಿಂದ್ಲೇ ಹೃದಯದಾಗ ತೊಂದರಿ ಇದ್ದಂಗ ಕಾಣ್ತದ. ಓಡಿದ್ರ ಉಸಿರು ಸಾಲಂಗಿಲ್ಲ. ನಾಳೆನೇ ಹುಮನಾಬಾದಿಗೆ ಬರ್ರಿ, ಸ್ಕ್ಯಾನ್ ಮಾಡಸೋಣು. ಆಪರೇಷನ್ ಆದ್ರ ಭಾಳ ಮಕ್ಕಳು ಚೆಂದ ಆಡ್ತಾವ. ತಡ ಮಾಡಿದ್ರ ಜೀವಕ್ಕ ಕುತ್ತು."

ರೂಪಾಲಿಗೆ ಒಂದೂ ತಿಳಿಯಲಿಲ್ಲ. ಊರಿಗೆ ಊರೇ ಹೀಗೆ ಕೂರುತ್ತದೆ, ಹೊಲದಲ್ಲಿ, ಒಲೆಯ ಮುಂದೆ, ಬಸ್ಸಿಗೆ ಕಾಯುವಾಗ. "ಹಂಗಾದ್ರ ಕುಂದರೋದು ಬ್ಯಾನಿ ಏನ್ರಿ, ಔಷಧ ಏನ್ರಿ?"

"ಬ್ಯಾನಿ ಎದಿಯಾಗ ಅದವ್ವ. ಹಿಂಗ ಕುಂತ್ರ ಅಕಿಗಿ ಜರಾ ಹಗುರ ಆಗ್ತದ. ಯಾರೂ ಕಲಿಸಿಲ್ಲ, ತಾನೇ ಕಂಡ್ಕೊಂಡಾಳ."

"ನಾಟಕ ಮಾಡ್ತಾಳಂತ ದಿನಕ್ಕ ಹತ್ತು ಸಲ ಎಬ್ಬಿಸೀನ್ರಿ" ಎಂದಳು ರೂಪಾಲಿ. "ಒಂದೆರಡು ಸಲ ಹೊಡದೂ ಹೊಡದೀನಿ."

ಡಾಕ್ಟರು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳತ್ತ ಚಾಚಿದರು. ಮಗಳನ್ನು ಎತ್ತಿಕೊಳ್ಳಬೇಕೋ, ಹಾಗೇ ಬಿಡಬೇಕೋ ಗೊತ್ತಾಗದೆ ರೂಪಾಲಿ ಬಾಟಲಿ ಹಿಡಿದು ನಿಂತೇ ಇದ್ದಳು. ಅಳು ಒತ್ತಿ ಬಂದು ಉಸಿರು ಬಿಕ್ಕಿತು.

ಸ್ನೇಹಲ ಕೂತಲ್ಲಿಂದಲೇ ತಲೆ ಎತ್ತಿ ತಾಯಿಯನ್ನು ನೋಡಿದಳು. ಸೀರೆಯ ಅಂಚು ಹಿಡಿದು ಕೆಳಗೆ ಜಗ್ಗಿದಳು.

"ಅವ್ವಾ, ಕುಂದ್ರು. ಹೋಗ್ತದ."