ನಡುಕ ಹಿಡಿದವಳು

ಸಮುದ್ರ ಅಂಕೋಲೆಯ ರಸ್ತೆಗಳನ್ನು ನುಂಗಿದ ಮೇಲೆ ಆಸ್ಪತ್ರೆ ಹೆಲಿಕಾಪ್ಟರಿನಲ್ಲೇ ಇತ್ತು. ಇಳಿಯಲು ಜಾಗವಿಲ್ಲದ್ದರಿಂದ ಆಪರೇಷನ್ನುಗಳೂ ಹಾರುತ್ತಲೇ ನಡೆಯುತ್ತಿದ್ದವು. ಸುಲಭಾ ಹರಿಕಂತ್ರ ಅದರ ಮೆಕ್ಯಾನಿಕ್.

ಆ ಬೆಳಿಗ್ಗೆ ಮೀನುಗಾರ ತುಳಸುವಿನ ಕಣ್ಣಿಗೆ ಗಾಳ ಚುಚ್ಚಿತ್ತು. ಡಾಕ್ಟರ್ ನಫೀಸಾ ಸೂಜಿ ಎತ್ತಿದವರು ಹಾಗೇ ನಿಂತರು.

"ಸುಲಭಾ, ನೆಲ ನಡುಗ್ತಾ ಉಂಟು. ಹೀಗೆ ಹೊಲಿದ್ರೆ ಕಣ್ಣೇ ಹೋಗ್ತದೆ."

ಸುಲಭಾ ನೆಲದ ಹಲಗೆ ಎತ್ತಿದಳು. ನಡುಕವನ್ನು ಹೀರಿಕೊಳ್ಳಬೇಕಿದ್ದ ಕಬ್ಬಿಣದ ಗುಂಡು, ಬೋಲ್ಟು ಸವೆದು, ಸರಳಿನ ಮೇಲೆ ಜಾರಿತ್ತು. ಎರಡೂ ಕೈಯಿಂದ ಅದನ್ನು ಸ್ವಸ್ಥಾನಕ್ಕೆ ನೂಕಿದಳು. ನೆಲ ಸ್ತಬ್ಧವಾಯಿತು. ಬಿಟ್ಟರೆ ಮತ್ತೆ ಜಾರಿತು.

"ಕೈಯಲ್ಲೇ ಹಿಡಿದಿರ್ತೇನೆ ಡಾಕ್ಟ್ರೇ. ನೀವು ಹೊಲೀರಿ."

"ಅರ್ಧ ಗಂಟೆ ಬೇಕು ಮಾರಾಯ್ತಿ."

"ಬೇಕಾದಷ್ಟು ತಗೊಳ್ಳಿ."

ಹೆಲಿಕಾಪ್ಟರಿನ ಅಷ್ಟೂ ನಡುಕ ಅವಳ ಮೊಣಕೈ, ಭುಜ, ಹಲ್ಲುಗಳಿಗೆ ಇಳಿಯಿತು. ಅವಳಿಗೆ ಕೇಳಲೆಂದು ನಫೀಸಾ ಒಂದೊಂದು ಹೊಲಿಗೆಯನ್ನೂ ಗಟ್ಟಿಯಾಗಿ ಎಣಿಸಿದರು. ಒಂಬತ್ತಕ್ಕೆ ದಾರ ಕತ್ತರಿಸಿ, ರೋಗಿಯ ಇನ್ನೊಂದು ಕಣ್ಣು ಮುಚ್ಚಿ, ಮುಂದೆ ಮೂರು ಬೆರಳು ಹಿಡಿದರು.

"ಎಷ್ಟು?"

"ಮೂರು," ಎಂದ ತುಳಸು.

ಚಹಾ ಬಂದಾಗ ಸುಲಭಾಳ ಕೈಗಳು ಲೋಟ ಹಿಡಿಯಲಾರದಷ್ಟು ಅದುರುತ್ತಿದ್ದವು. ಡಾಕ್ಟರೇ ಪಕ್ಕದಲ್ಲಿ ಕೂತು ಲೋಟವನ್ನು ಅವಳ ತುಟಿಗೆ ಹಿಡಿದರು.