ತೆಳ್ಳಗಿನ ನಿದ್ದೆ

ಕೀಮೋ ಶುರುವಾದ ಮೇಲೆ ವನಮಾಲಾಗೆ ಸ್ವಂತ ನಿದ್ದೆ ಹತ್ತುತ್ತಿರಲಿಲ್ಲ. ಹೆಪ್ಪಿಗೆ ಮೊಸರು ಕೊಡುವ ಹಾಗೆ, ಎದುರು ಮನೆಯ ಫಿಲೋಮಿನಾ ದಿನವೂ ಸ್ಟೀಲ್ ಡಬ್ಬಿಯಲ್ಲಿ ತನ್ನ ನಿದ್ದೆ ತುಂಬಿಸಿ ಕೊಡುತ್ತಿದ್ದಳು. "ನಂಗೆ ಬೇಕಾದಷ್ಟಿದೆ ಅಕ್ಕಾ, ಸುಮ್ನೆ ಚೆಲ್ಲಿಹೋಗುತ್ತೆ" ಎನ್ನುತ್ತಿದ್ದಳು.

ನಿನ್ನೆ ಡಬ್ಬಿ ಹಿಂತಿರುಗಿಸುವಾಗ ವನಮಾಲಾ, ಹಾಲಿನವಳಿಗೆ ಹೇಳುವ ಹಾಗೆ, "ಯಾಕೋ ಈಚೆಗೆ ತೀರಾ ತೆಳ್ಳಗಿರುತ್ತೆ ಕಣೇ, ನಡುವೆ ಎಚ್ಚರ ಆಗುತ್ತೆ" ಎಂದುಬಿಟ್ಟಿದ್ದಳು. ಫಿಲೋಮಿನಾ ನಕ್ಕು, "ನಾಳೆ ಗಟ್ಟಿಯಾಗಿ ಕೊಡ್ತೀನಿ ಬಿಡಿ" ಎಂದಿದ್ದಳು.

ಇವತ್ತು ಡಬ್ಬಿ ನಿಜವಾಗಿಯೂ ಭಾರವಾಗಿತ್ತು. ಆದರೆ ಅದನ್ನು ಚಾಚಿದ ಕೈಯ ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತೇ?"

"ಹೊಲೀತಾ ತೂಕಡಿಸಿದೆ. ಮಿಷನ್ ಸೂಜಿ ಚುಚ್ತು, ಅಷ್ಟೆ."

ವನಮಾಲಾಗೆ ತಲೆ ಎತ್ತಲಾಗಲಿಲ್ಲ. ಮಿಕ್ಕಿದ್ದಲ್ಲ, ತನ್ನ ಪಾಲಿನ ನಿದ್ದೆಯನ್ನೇ ಇವಳು ಬಗ್ಗಿಸಿ ಕೊಟ್ಟಿದ್ದಾಳೆ. ಸಕ್ಕರೆ ಇಸಿದುಕೊಂಡ ಲೋಟವನ್ನೂ ಎಂದೂ ಬರಿದಾಗಿ ಹಿಂತಿರುಗಿಸದ ತಾನು, ಈ ಡಬ್ಬಿಯನ್ನು ಮಾತ್ರ ದಿನವೂ ಬರಿದಾಗಿ ಕೊಟ್ಟು, ಮೇಲೆ ದೂರು ಬೇರೆ ಹೇಳಿದ್ದಳು.

"ಒಳಗೆ ಬಾ" ಎಂದು ಪಕ್ಕದಲ್ಲಿ ಕೂರಿಸಿಕೊಂಡವಳೇ, ಡಬ್ಬಿಯನ್ನು ಅವಳ ಮುಖದ ಬಳಿ ಹಿಡಿದು ಮುಚ್ಚಳ ತೆಗೆದಳು.

"ಅಯ್ಯೋ ಅಕ್ಕಾ, ಅದು ನಿಮ್ಗೆ..."

ಮಾತು ಮುಗಿಯುವ ಮೊದಲೇ ಫಿಲೋಮಿನಾಳ ತಲೆ ವನಮಾಲಾಳ ಭುಜಕ್ಕೆ ವಾಲಿತು. ಆ ರಭಸಕ್ಕೆ, ವನಮಾಲಾ ಮನೆಯವರ ಮುಂದೆಯೂ ತೆಗೆಯದಿದ್ದ ತಲೆಯ ಸ್ಕಾರ್ಫು ಜಾರಿ ಬಿತ್ತು. ಬಾಗಿಲು ತೆರೆದೇ ಇತ್ತು, ವಠಾರದವರು ಓಡಾಡುತ್ತಿದ್ದರು. ಬಗ್ಗಿ ಎತ್ತಿಕೊಂಡರೆ ಫಿಲೋಮಿನಾಗೆ ಎಚ್ಚರವಾದೀತು.

ವನಮಾಲಾ ಬೋಳುತಲೆಯಲ್ಲೇ ಅಲುಗಾಡದೆ ಕೂತು, ಅವಳ ಗೊರಕೆ ಕೇಳಿಸಿಕೊಳ್ಳುತ್ತಿದ್ದಳು.