ಬೇಡದ ಸದ್ದು

ಮಾಜಿ ಪುರಸಭೆ ಅಧ್ಯಕ್ಷ ಶಿವಪುತ್ರಪ್ಪ ತಮ್ಮ ಅರವತ್ತರ ಹುಟ್ಟುಹಬ್ಬಕ್ಕೆ ತಮ್ಮ ಮೇಲೆ ತಾವೇ ಒಂದು ಹಾಡು ಬರೆದು, ಗದಗಿನ ನೀಲಗಂಗಾಳ ಸ್ಟುಡಿಯೋದಲ್ಲಿ ತಾವೇ ಹಾಡಿದರು. ಸೆಕೆ ತಡೆಯಲಾರದೆ ಫ್ಯಾನ್ ಹಾಕಿಸಿಕೊಂಡು ಹಾಡಿದ್ದರಿಂದ ರೆಕಾರ್ಡಿಂಗ್ ತುಂಬ ಅದರದೇ ಗರಗರ.

ಅಂಥ ಸದ್ದು ತೆಗೆಯುವ ಪ್ಲಗಿನ್ ಎಂಬ ಸಣ್ಣ ಸಾಫ್ಟ್‌ವೇರ್ ಒಂದಿತ್ತು. ಆದರೆ ಅದು ಓಡುವುದು ವಿಂಡೋಸ್‌ನಲ್ಲಿ. ನೀಲಗಂಗಾಳ ಕಂಪ್ಯೂಟರಿನಲ್ಲಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್.

"ಹಂಗಾರ ಬ್ಯಾರೆ ಸ್ಟುಡಿಯೋಕ್ಕ ಹೋಗ್ಲೇನು?" ಎಂದರು ಶಿವಪುತ್ರಪ್ಪ.

"ಒಂದು ವಾರ ತಡೀರಿ ಸಾಹೇಬ್ರ. ಅದರ ಕೋಡ್ ನೆಟ್‌ನ್ಯಾಗ ಸಿಕ್ಕೈತಿ, ಲಿನಕ್ಸ್‌ಗೆ ಹೊಂದಿಸಿಕೊಡ್ತೀನಿ."

ಸ್ಟುಡಿಯೋದ ಮಾನ ಉಳಿಸಲು ನೀಲಗಂಗಾ ಊಟ ಮರೆತು ಕೋಡ್ ತಿದ್ದಿದಳು. ಕೊನೆಗೂ ಪ್ಲಗಿನ್ ಓಡಿತು. ಅದನ್ನು ಹಾಡಿಗೆ ಹಚ್ಚಿ ತಾನೊಮ್ಮೆ ಕೇಳಬೇಕೆನ್ನುವಷ್ಟರಲ್ಲಿ ಶಿವಪುತ್ರಪ್ಪ ಹೆಂಡತಿ ರೇಣವ್ವನನ್ನೂ ಕರೆದುಕೊಂಡು ಬಂದೇಬಿಟ್ಟರು. ಅವರೆದುರಿಗೇ ಹಾಡು ಶುರುಮಾಡಿದಳು.

ಸ್ಪೀಕರಿನಲ್ಲಿ ಫ್ಯಾನ್ ಗರಗರ ತಿರುಗಿತು. ನಡುವೆ ಒಂದು ಕಾಗೆ ಕೂಗಿತು. ಹಾಡು ಮುಗಿಯುವವರೆಗೂ ಶಿವಪುತ್ರಪ್ಪನವರ ದನಿ ಮಾತ್ರ ಎಲ್ಲೂ ಕೇಳಲಿಲ್ಲ.

"ನಾ ಎಲ್ಲಿ ಹೋದೆ?" ಎಂದು ಅವರು ಕುರ್ಚಿ ಬಿಟ್ಟೆದ್ದರು.

ನೀಲಗಂಗಾ ಪರದೆಯತ್ತ ಬಾಗಿದಳು. "ಎಲ್ಲೋ ಉಲ್ಟಾ ಆಗೇತ್ರಿ ಸಾಹೇಬ್ರ. ಫ್ಯಾನ್ ಉಳಿಸಿ ನಿಮ್ಮ ದನೀನ ತಗದುಬಿಟ್ಟೈತಿ. ಈಗಿಂದೀಗ ಸರಿ ಮಾಡ್ತೀನ್ರಿ."

ಅವಳು ಕೀಬೋರ್ಡಿಗೆ ಕೈ ಹಾಕುವ ಮೊದಲೇ ರೇಣವ್ವ ಆ ಕೈ ಹಿಡಿದುಕೊಂಡರು.

"ಸರಿ ಮಾಡಬ್ಯಾಡ ನಮ್ಮವ್ವಾ. ಇದನ್ನ ನಮ್ಮ ಮನ್ಯಾಗ ಕೂಡ್ರಿಸಾಕ ಬರತೈತೇನು?"